ಉಪ್ಪು ಇಳಿಸಿದ ಸಮುದ್ರ

ತೊಟ್ಟಿಯ ಮೀನು ಸತ್ತರೆ, ಮನೆಯವರಿಗೆ ಬರಬೇಕಾಗಿದ್ದ ಕಂಟಕವನ್ನು ಅದು ತನ್ನ ಮೇಲೆ ಹಾಕಿಕೊಂಡು ಹೋಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಇದನ್ನು ನಂಬಿದ್ದೆನಾದರೂ ಒಂದು ಸಣ್ಣ ಅನುಮಾನ ಆಗಲೇ ಇತ್ತು. ಅಣ್ಣ ಗಾಜಿನ ಭರಣಿಯಲ್ಲಿ ಸಾಕುತ್ತಿದ್ದ ಮೀನುಗಳು ಸಾಯುತ್ತಿದ್ದ ವೇಗವನ್ನು ನೋಡಿದರೆ ನಮ್ಮ ಮನೆಯವರೆಲ್ಲ ಚಿರಂಜೀವಿಗಳಾಗಬೇಕಿತ್ತು. ದೊಡ್ಡವನಾದ ಮೇಲೆ ಅಣ್ಣ ಮೀನು ಸಾಕುವುದನ್ನು ಚೆನ್ನಾಗಿ ಕಲಿತ. ಅವನು ತೀರಿಕೊಂಡ ವರ್ಷ ಅವನ ತೊಟ್ಟಿಯಲ್ಲಿ ಒಂದು ಮೀನೂ ಸಾಯಲಿಲ್ಲ. ಎಲ್ಲವೂ ಹೊಟ್ಟೆ ತುಂಬ ತಿಂದು, ಮೈ ಹೊಳೆಸಿಕೊಂಡು, ತಮಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಈಜುತ್ತಿದ್ದವು.

ಮೀನಿನ ವಿಷಯ ಬಂದರೆ ನಮ್ಮ ಮನೆಯಲ್ಲಿ ಯಾವುದೂ ನೆಟ್ಟಗೆ ನಡೆಯುವುದಿಲ್ಲ. ಅಂಥ ಕೆಲವು ಪ್ರಸಂಗಗಳನ್ನು ಇಲ್ಲಿ ಬರೆದಿದ್ದೇನೆ.

ಭದ್ರಾವತಿಯ ಸಮುದ್ರ

ಅಣ್ಣ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದ. ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕಾದ ಆ ಊರಿನಲ್ಲಿ, ಕ್ವಾರ್ಟರ್ಸ್‌ನ ನಡುಮನೆಯಲ್ಲಿ, ಉಪ್ಪುನೀರಿನ ಮೀನುಗಳನ್ನೇ ಸಾಕಬೇಕೆಂಬುದು ಅವನ ಹಟ. ಸಮುದ್ರದ ಉಪ್ಪನ್ನು ಪೊಟ್ಟಣಗಳಲ್ಲಿ ತರಿಸಿ, ಶುದ್ಧ ನೀರಿಗೆ ಸುರಿದು, ಮರದ ಸೌಟಿನಿಂದ ತಿರುವುತ್ತ ಕೂರುತ್ತಿದ್ದ. ಒಮ್ಮೆ ಪಕ್ಕದ ಮನೆಯ ತಮಿಳು ಅಮ್ಮ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ಏನ್ ಸಾರ್ ಅದು, ಇಷ್ಟು ದೊಡ್ಡ ಪಾತ್ರೇಲಿ?"

"ಸಮುದ್ರ ಮಾಡ್ತಿದೀನಿ ಅಮ್ಮ."

ಅವರು ಒಳಗೆ ಬಂದು, ಬೆರಳು ಅದ್ದಿ, ನಾಲಗೆಗೆ ಇಟ್ಟುಕೊಂಡು, ಮನೆಮನೆಯ ಅಡುಗೆಗೆ ತೀರ್ಪು ಕೊಟ್ಟು ಅಭ್ಯಾಸವಿರುವವರ ಗಾಂಭೀರ್ಯದಲ್ಲಿ ಹೇಳಿದರು: "ಉಪ್ಪು ಜಾಸ್ತಿ ಆಗೋಯ್ತು ಸಾರ್. ಒಂದು ಆಲೂಗಡ್ಡೆ ಹಾಕಿ."

ಆ ತೊಟ್ಟಿಯಲ್ಲಿ ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟೆಯಿರುವ ಒಂದು ಕ್ಲೌನ್ ಮೀನು ಇತ್ತು. ಅಣ್ಣ ಡ್ಯೂಟಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಉಂಗುರದಿಂದ ಗಾಜನ್ನು ತಟ್ಟುತ್ತಿದ್ದ. ಅದು ಓಡಿ ಬರುತ್ತಿತ್ತು. ಅವನು ಹೋದ ಮೇಲೆ ಕ್ವಾರ್ಟರ್ಸ್ ಬಿಡಬೇಕಾಯಿತು. ಉಳಿದ ಮೀನುಗಳನ್ನು ಅವನ ಗೆಳೆಯರು ಒಯ್ದರು. ಇದೊಂದನ್ನು ಅತ್ತಿಗೆ ಯಾರಿಗೂ ಕೊಡಲಿಲ್ಲ. ಅವರು ಹಿಡಿದ ಬಾಡಿಗೆ ಮನೆ ಚಿಕ್ಕದಾದ್ದರಿಂದ ತೊಟ್ಟಿ ಶಿವಮೊಗ್ಗಕ್ಕೆ, ದುರ್ಗಿಗುಡಿಯ ನನ್ನ ಮನೆಗೆ ಬಂತು. ಉಂಗುರ ಅತ್ತಿಗೆಯ ಹೆಬ್ಬೆರಳಿಗೆ ಹೋಯಿತು. ಪ್ರತಿ ಭಾನುವಾರ ಅವರು ಬಸ್ಸು ಹತ್ತಿ ಬರುತ್ತಾರೆ, ಗಾಜು ತಟ್ಟುತ್ತಾರೆ, ಮೀನು ಬಂದ ಮೇಲೆ ವಾರದ ಸಮಾಚಾರವನ್ನೆಲ್ಲ ಅದಕ್ಕೆ ಒಪ್ಪಿಸುತ್ತಾರೆ. ನನ್ನ ಕ್ಷೇಮಸಮಾಚಾರಕ್ಕೆ ಸರದಿ ಬರುವಾಗ ಕಾಫಿ ಆರಿರುತ್ತದೆ.

ಎಲ್ಲಕ್ಕೂ ಒಂದೇ ಮದ್ದು

ಒಂದು ಭಾನುವಾರ ಮೀನು ತಡವಾಗಿ ಬಂತು. ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು. ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿತ್ತು.

"ಇದಕ್ಕೇನಾದ್ರೂ ಆದ್ರೆ ನಾನು ಯಾರನ್ನ ನೋಡೋಕೆ ಬರ್ಲಿ ಹೇಳು," ಎಂದರು ಅತ್ತಿಗೆ. ನನ್ನನ್ನು ನೋಡಲು ಬರಬಹುದಲ್ಲ ಎಂದು ಹೇಳುವ ಸಮಯ ಅದಾಗಿರಲಿಲ್ಲ.

ಕೋಟೆ ಕಡೆಯ ಸಾಕುಮೀನಿನ ಅಂಗಡಿಗೆ ಹೋದೆ. ಅಂಗಡಿಯವರು ನನ್ನ ಮೊಬೈಲಿನಲ್ಲಿದ್ದ ಚಿತ್ರವನ್ನು ನೋಡುವ ಮೊದಲೇ ಹೇಳಿದರು:

"ಒಂದು ಹಿಡಿ ಕಲ್ಲುಪ್ಪು ಹಾಕಿ ಮೇಡಂ. ಎಲ್ಲಾ ಕಾಯಿಲೆಗೂ ಅದೇ."

"ಇದು ಸಮುದ್ರದ ಮೀನು. ಹುಟ್ಟಿದಾಗಿನಿಂದ ಉಪ್ಪುನೀರಿನಲ್ಲೇ ಇದೆ."

ಅವರು ಸ್ವಲ್ಪವೂ ವಿಚಲಿತರಾಗಲಿಲ್ಲ. "ಓ, ಅಭ್ಯಾಸ ಆಗ್ಬಿಟ್ಟಿದೆ ಹಾಗಾದ್ರೆ. ಎರಡು ಹಿಡಿ ಹಾಕಿ."

ದನದ ಡಾಕ್ಟರು

ಪರಿಚಯದ ಪಶುವೈದ್ಯರೊಬ್ಬರು ಇದ್ದರು. ದನ, ಎಮ್ಮೆಗಳಲ್ಲಿ ಅವರ ಹೆಸರು ದೊಡ್ಡದು. ಸಣ್ಣ ಡಬ್ಬದಲ್ಲಿ ಮೀನನ್ನು ಹಿಡಿದುಕೊಂಡು ಅವರೆದುರು ಕುಳಿತೆ. ಅವರು ಚೀಟಿ ಎಳೆದುಕೊಂಡು, ತಲೆ ಎತ್ತದೆ, ವರ್ಷಗಳಿಂದ ರೂಢಿಯಾದ ಪ್ರಶ್ನೆಗಳನ್ನು ಕೇಳಿದರು.

"ಮೇವು ತಿಂತಿದೆಯಾ?"

"ಕಡಿಮೆ ಮಾಡಿದೆ."

"ಮೆಲುಕು ಹಾಕ್ತಿದೆಯಾ?"

ನಾನು ಡಬ್ಬವನ್ನು ಮುಂದಕ್ಕೆ ಸರಿಸಿದೆ. ಅವರು ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನಕ್ಕರು. ಆದರೆ ಕೈಬಿಡಲಿಲ್ಲ. ಮೀನುಗಾರಿಕೆ ಓದಿದ ಸಹಪಾಠಿಯೊಬ್ಬರಿಗೆ ಅಲ್ಲಿಂದಲೇ ಫೋನ್ ಮಾಡಿ, ಎಲ್ಲವನ್ನೂ ವಿಚಾರಿಸಿ ನನಗೆ ತಿಳಿಸಿದರು: ಇದು ಮೈಗೆ ಅಂಟಿ ಬದುಕುವ ಪರೋಪಜೀವಿ, ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿ ಬಂದು ಚರ್ಮದೊಳಗೆ ಹೊಕ್ಕು ಬೆಳೆಯುತ್ತದೆ. ಮೀನನ್ನು ಬೇರೆ ತೊಟ್ಟಿಗೆ ಹಾಕಿ, ನೀರಿನ ಉಪ್ಪನ್ನು ನಿಧಾನವಾಗಿ ಸಮುದ್ರದ ಮೂರನೇ ಒಂದು ಭಾಗಕ್ಕೆ ಇಳಿಸಬೇಕು. ಅಷ್ಟು ಕಡಿಮೆ ಉಪ್ಪನ್ನು ಮೀನು ತಡೆದುಕೊಳ್ಳುತ್ತದೆ, ಪರೋಪಜೀವಿ ತಡೆದುಕೊಳ್ಳುವುದಿಲ್ಲ. ಚಿಕಿತ್ಸೆ ನಡೆಯುವ ಅಷ್ಟೂ ವಾರ ದೊಡ್ಡ ತೊಟ್ಟಿಯನ್ನು ಮೀನಿಲ್ಲದೆ ಬಿಡಬೇಕು. ಅಂಟಿಕೊಳ್ಳಲು ಮೈ ಸಿಗದೆ ಅಲ್ಲಿರುವುದು ತಾನಾಗಿ ಸಾಯುತ್ತದೆ.

ಆಯನೂರಿನಿಂದ ಎಮ್ಮೆಯ ಔಷಧಿಗೆಂದು ಬಂದಿದ್ದ ಹಿರಿಯರೊಬ್ಬರು ಬೆಂಚಿನ ಮೇಲೆ ಕುಳಿತು ಇಷ್ಟನ್ನೂ ಆಲಿಸುತ್ತಿದ್ದರು. ನಾನು ಏಳುವಾಗ ಡಬ್ಬದೊಳಗೆ ಬಗ್ಗಿ ನೋಡಿ, ಕರುಣೆಯಿಂದ ಹೇಳಿದರು:

"ಇದಕ್ಕೂ ಬಿಪಿಯಾ? ನಂಗೂ ಅದನ್ನೇ ಹೇಳ್ಯಾರೆ ಮಾರಾಯ್ತಿ, ಉಪ್ಪು ಕಮ್ಮಿ ಮಾಡು ಅಂತ. ಉಪ್ಪಿನಕಾಯಿ ಮಾತ್ರ ಬಿಡಕ್ಕಾಗ್ಲಿಲ್ಲ."

ಕರಗಬೇಕಾದದ್ದು

ಮೀನನ್ನು ಒಂದು ಚಿಕ್ಕ ತೊಟ್ಟಿಗೆ ಬಿಟ್ಟು, ಅದರ ನೀರಿನ ಉಪ್ಪನ್ನು ಇಳಿಸತೊಡಗಿದೆ. ಉಪ್ಪು ಅಳೆಯುವುದಕ್ಕೆ ಅಣ್ಣನ ಪುಟ್ಟ ಉಪಕರಣವಿತ್ತು. ಅದರ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಬೆಳಕಿನ ಕಡೆ ಹಿಡಿದು, ದುರ್ಬೀನಿನಂತೆ ನೋಡಬೇಕು. ಬೆಳಿಗ್ಗೆ ಸಂಜೆ ನೋಡುತ್ತಿದ್ದೆ. ಅಳತೆ ಸರಿಯಾಗಿ, ಬೇಕಾದಲ್ಲಿಗೆ ಇಳಿದ ಮಾರನೆಯ ದಿನವೇ ಧಡಕ್ಕನೆ ಮೇಲೇರಿತು. ಉಪಕರಣ ಕೆಟ್ಟಿತೆಂದು ತೊಳೆದೆ, ಒರೆಸಿದೆ, ಮತ್ತೆ ನೋಡಿದೆ. ಏರಿದ್ದು ಏರಿಯೇ ಇತ್ತು. ಆಗ ಅಡುಗೆಮನೆಯಿಂದ ಮೆಣಸಿನಕಾಯಿ ಸುಟ್ಟ ಘಾಟು ಬಂತು.

ಸೋದರತ್ತೆ ನಾಲ್ಕು ದಿನ ಇರಲೆಂದು ಬಂದಿದ್ದರು. ಇಷ್ಟು ಚೆಂದದ ಮೀನಿಗೆ ಕಣ್ಣು ಬಿದ್ದಿದೆ ಎಂದು ನಿರ್ಧರಿಸಿ, ಉಪ್ಪು, ಮೆಣಸಿನಕಾಯಿ ಹಿಡಿದು ತೊಟ್ಟಿಗೆ ದೃಷ್ಟಿ ತೆಗೆದಿದ್ದರು.

"ಮೆಣಸಿನಕಾಯಿ ಒಲೆಗೆ ಹಾಕಿದಿರಿ. ಉಪ್ಪು ಎಲ್ಲಿ ಅತ್ತೆ?"

"ದೃಷ್ಟಿ ತೆಗೆದ ಉಪ್ಪು ನೀರಲ್ಲಿ ಕರಗಬೇಕು ಕಣೇ. ಅಲ್ಲೇ ಎದುರಿಗೆ ನೀರಿತ್ತಲ್ಲ."

ನಾನು ನೀರು ಬದಲಿಸಿದೆ. ದುರದೃಷ್ಟಕ್ಕೆ ಮರುದಿನ ಮೀನಿನ ಮೈಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಅತ್ತೆಯ ಮುಖದ ಕಳೆಯನ್ನು ವರ್ಣಿಸಲಾರೆ. ಈ ರೋಗದ ಕ್ರಮವೇ ಹಾಗೆ, ಬೆಳೆದ ಚುಕ್ಕೆಗಳು ತಾವಾಗಿ ಕಳಚಿ ತಳಕ್ಕೆ ಬೀಳುತ್ತವೆ, ಅಲ್ಲಿ ಒಡೆದು ನೂರಾರು ಮರಿಗಳಾಗಿ ಮತ್ತೆ ಏರಿ ಬರುತ್ತವೆ ಎಂದು ಸವಿಸ್ತಾರವಾಗಿ ವಿವರಿಸಿದೆ. "ಹೋದ ಹಾಗೆ ಕಾಣುತ್ತೆ ಅತ್ತೆ, ಹೋಗಿರಲ್ಲ. ಪುನಃ ಬರುತ್ತೆ."

"ಅದನ್ನೇ ನಾನೂ ಹೇಳೋದು," ಎಂದರು ಅತ್ತೆ. "ಅದಕ್ಕೇ ವಾರ ವಾರ ದೃಷ್ಟಿ ತೆಗೀಬೇಕು."

ಆ ಕಡೆ ತಿರುಗಿ

ಚುಕ್ಕೆಗಳು ಬಂದೇ ಬಂದವು, ಹಿಂದಿಗಿಂತ ಹೆಚ್ಚಾಗಿ. ಆ ಭಾನುವಾರ ಅತ್ತಿಗೆ ಬಂದಾಗ, ನಡುಮನೆಯ ದೊಡ್ಡ ತೊಟ್ಟಿಯಲ್ಲಿ ದೀಪ ಉರಿಯುತ್ತಿತ್ತು, ನೀರು ಗುಳುಗುಳು ಎನ್ನುತ್ತಿತ್ತು, ಒಳಗೆ ಯಾರೂ ಇರಲಿಲ್ಲ. ಖಾಲಿಯೆಂದು ತಿಳಿದಿದ್ದರೂ ಅವರು ಉಂಗುರದಿಂದ ತಟ್ಟಿದರು. ಅಣ್ಣನದೂ ಅದೇ ಸದ್ದು, ಅದೇ ಎರಡು ಪೆಟ್ಟು. ನಾನು ಅಡುಗೆಮನೆಯಲ್ಲಿದ್ದವಳು, ಅರೆಕ್ಷಣ, ಚಪ್ಪಲಿ ಬಿಡುವ ಸದ್ದಿಗಾಗಿ ಕಾದೆ.

ಆಮೇಲೆ ಅವರು ಚಿಕಿತ್ಸೆಯ ಚಿಕ್ಕ ತೊಟ್ಟಿಯ ಬಳಿ ಹೋದರು. ಮೀನು ಮೂಲೆಯಲ್ಲಿ ವಾಲಿಕೊಂಡಿತ್ತು. ತಟ್ಟಿದರು, ಬರಲಿಲ್ಲ. ಮತ್ತೆ ತಟ್ಟಿದರು, ರೆಕ್ಕೆಯೂ ಅಲುಗಲಿಲ್ಲ. ಅಣ್ಣ ಹೋದಾಗ ಬಂದವರಿಗೆಲ್ಲ ಕಾಫಿ ಕೊಡುತ್ತ ಓಡಾಡಿದ, ಯಾರೆದುರೂ ಕಣ್ಣೊರೆಸಿಕೊಳ್ಳದ ಅತ್ತಿಗೆ, ಮುಚ್ಚಳ ತೆಗೆದಿದ್ದ ಆ ತೊಟ್ಟಿಯ ಮೇಲೆ ಬಾಗಿ ಅಳತೊಡಗಿದರು. ತಡೆದು ತಡೆದು, ಮೊದಲು ಸದ್ದಿಲ್ಲದೆ, ಆಮೇಲೆ ಜೋರಾಗಿ. ಹನಿಗಳು ನೇರ ನೀರಿಗೇ ಬೀಳುತ್ತಿದ್ದವು.

ನಾನು ಅವರ ಬೆನ್ನ ಮೇಲೆ ಕೈಯಿಟ್ಟೆ. ಇಂಥ ಹೊತ್ತಿನಲ್ಲಿ ಹೇಳಬಹುದಾದ ಎಷ್ಟೋ ಮಾತುಗಳಿವೆ. ನಾಲ್ಕು ದಿನ ಕಷ್ಟಪಟ್ಟು ಮತ್ತೆ ಇಳಿಸಿದ ಅಳತೆಯೊಂದೇ ತಲೆಯಲ್ಲಿದ್ದ ನನ್ನ ಬಾಯಿಂದ ಬಂದದ್ದು ಇದು:

"ಅತ್ತಿಗೆ, ಸ್ವಲ್ಪ ಆ ಕಡೆ ತಿರುಗಿ ಅಳಿ. ನೀರಿಗೆ ಉಪ್ಪು ಬೀಳುತ್ತೆ."

ಅಳು ನಿಂತಿತು. ಅವರು ತಲೆಯೆತ್ತಿ ನನ್ನನ್ನೇ ದಿಟ್ಟಿಸಿದರು. ಈ ಮನೆಗೆ ಇನ್ನೆಂದೂ ಬರಲಾರರು ಎಂದುಕೊಂಡೆ.

"ನಿಮ್ಮಣ್ಣ ಇದ್ದಿದ್ರೂ ಇದನ್ನೇ ಹೇಳೋರು," ಎಂದರು. ಆಮೇಲೆ ನಗು ಶುರುವಾಯಿತು. ಗೋಡೆ ಹಿಡಿದು, ಪಕ್ಕೆ ಹಿಡಿದು, ಕೊನೆಗೆ ನೆಲದ ಮೇಲೆ ಕುಳಿತು ನಕ್ಕರು. ನಾನೂ ಕುಳಿತೆ. ನಗುವಾಗಲೂ ಅವರು ಬಹಳ ಜಾಗರೂಕತೆಯಿಂದ ಮುಖವನ್ನು ಆ ಕಡೆಗೇ ತಿರುಗಿಸಿಕೊಂಡಿದ್ದರು.

ಮೀನು ಉಳಿಯಿತು. ನಿಧಾನವಾಗಿ ಉಪ್ಪು ಏರಿಸಿ, ದೊಡ್ಡ ತೊಟ್ಟಿಗೆ ಬಿಟ್ಟೆವು. ಈಗ ಅತ್ತಿಗೆ ಭಾನುವಾರಗಳಲ್ಲಿ ನನ್ನ ಕಾಫಿ ಆರುವ ಮೊದಲೇ ಮೀನಿನ ಜೊತೆಗಿನ ಮಾತು ಮುಗಿಸುತ್ತಾರೆ.

ಆಡಿದ ಮಾತು ಸರಿಯೇ ಎಂದು ತಿಳಿಯದೆ ನನಗೆ ಸಮಾಧಾನವಿಲ್ಲ. ಶರೀರಶಾಸ್ತ್ರದ ಪುಸ್ತಕ ತೆಗೆದು, ಅಂಕಿಗಳನ್ನು ಎದುರುಬದುರು ಇಟ್ಟು ನೋಡಿದೆ. ಮನುಷ್ಯರ ಕಣ್ಣೀರಿನಲ್ಲಿರುವ ಉಪ್ಪು ಸಮುದ್ರದ ನೀರಿನಲ್ಲಿರುವುದರ ಸುಮಾರು ಕಾಲು ಭಾಗ. ಚಿಕಿತ್ಸೆಯ ತೊಟ್ಟಿಯಲ್ಲಿ ನಾನು ಅಷ್ಟು ಕಾಪಾಡಿಕೊಂಡಿದ್ದ ಉಪ್ಪಿಗಿಂತ ಅದು ಒಂದಿಷ್ಟು ಕಡಿಮೆಯೇ. ಅತ್ತಿಗೆ ಅಲ್ಲಿಯೇ, ಬೇಕಾದಷ್ಟು ಹೊತ್ತು, ಅಳಬಹುದಿತ್ತು.