ಆರನೇ ಆಜ್ಞೆಯಲ್ಲೇ ನಿಂತಿರುವ ನನ್ನ ತಲೆಯ ಮೇಲೆ ಕೈಯಿಡಲು ಕೋರಿ ಬಿಷಪ್ಪರಿಗೆ

ಮಾನ್ಯರೇ, ಅತಿ ವಂದನೀಯರೇ,

ಆಂಗ್ಲಿಕನ್ ಪರಂಪರೆಯ ನಮ್ಮ ಸಭೆಗಳಿಗೆಲ್ಲ ಹಿರಿಯರಾದ ತಮ್ಮ ಸನ್ನಿಧಿಗೆ, ಪಾಂಡವಪುರದ ಲೇಡೀಸ್ ಹಾಸ್ಟೆಲ್ಲಿನಿಂದ ಫಸ್ಟ್ ಇಯರ್ ಬಿ.ಎ. ವಿದ್ಯಾರ್ಥಿನಿ ಸುನಿತಾಳ ನಮಸ್ಕಾರ. ತಪ್ಪಿದ್ದರೆ ಸಾರಿ.

ತಮ್ಮ ಜೀವನ ನಮಗೆಲ್ಲ ಇನ್‌ಸ್ಪಿರೇಷನ್. ಹೊಣಕೆರೆ ಕಡೆಯ ಹಾಸ್ಟೆಲ್ಲಿನಲ್ಲಿ ಮುದ್ದೆ ಉಂಡು ಬೆಳೆದು ಬಿಷಪ್ಪರ ಕುರ್ಚಿ ಏರಿದಿರಿ. ಅಂದಿನಿಂದ ಅರ್ಧ ಸಭೆ ತಮ್ಮನ್ನು ಪ್ರವಾದಿ ಎನ್ನುತ್ತದೆ, ಉಳಿದರ್ಧ ಕೋರ್ಟಿನಲ್ಲಿದೆ. 'ಸಭಾಪಾಲಕರು ಒಂದೇ ಊರಿನಲ್ಲಿ ಬೇರು ಬಿಡಬಾರದು' ಎಂಬ ತಮ್ಮ ತತ್ತ್ವವನ್ನಂತೂ ಮನಸಾರೆ ಮೆಚ್ಚುತ್ತೇನೆ. ಮೀಟಿಂಗಿನಲ್ಲಿ ತಮಗೆ ಎದುರು ಮಾತಾಡಿದವರಿಗೆ ಮಾತ್ರ ಬೇರು ಬೇಗ ಬೆಳೆಯುವುದು ಸೃಷ್ಟಿಯ ವೈಚಿತ್ರ್ಯ. ಹಾಗಾಗಿ ಇಲ್ಲಿನ ನಮ್ಮ ಚರ್ಚಿನ ಸಭಾಪಾಲಕರೊಬ್ಬರು ನಾಗಮಂಗಲಕ್ಕೆ, ಅವರ ಜಾಗಕ್ಕೆ ಬಂದವರು ಕೆ.ಆರ್. ಪೇಟೆಗೆ, ಆಮೇಲಿನವರು ಕಿಟಕಿಗೆ ಪರದೆ ಕಟ್ಟುವ ಮೊದಲೇ ಶ್ರೀರಂಗಪಟ್ಟಣಕ್ಕೆ ಹೋದರು.

ನನ್ನ ಟೆನ್ಷನ್ ಏನೆಂದರೆ, ನನಗಿನ್ನೂ ದೃಢೀಕರಣ, ಅದೇ ಕನ್ಫರ್ಮೇಷನ್, ಆಗಿಲ್ಲ. ಸಭಾಪಾಲಕರು ಪಾಠ ಮುಗಿಸಬೇಕು, ತಾವು ಬಂದು ತಲೆಯ ಮೇಲೆ ಕೈಯಿಡಬೇಕು, ಆಮೇಲೆ ತಾನೆ ನನಗೆ ಕರ್ತನ ಭೋಜನ? ಹೊಸಬರು ಬಂದಾಗಲೆಲ್ಲ ದಶಾಜ್ಞೆಗಳನ್ನು ಮೊದಲಿನಿಂದ ಶುರು ಮಾಡುತ್ತಾರೆ. ಆರನೆಯದಾದ 'ನರಹತ್ಯ ಮಾಡಬಾರದು' ಮುಗಿಯುವಷ್ಟರಲ್ಲಿ ಅವರ ಸಾಮಾನಿಗೆ ಟೆಂಪೋ ಬಂದು ನಿಲ್ಲುತ್ತದೆ. ಎಂಟನೆಯದನ್ನು ತಲುಪದ ಕಾರಣ, ಕದಿಯಬಾರದೆಂದು ನನಗೆ ಇದುವರೆಗೂ ಯಾರೂ ಅಧಿಕೃತವಾಗಿ ತಿಳಿಸಿಲ್ಲ. ರೂಮ್‌ಮೇಟ್ ಶಾಂಪೂ ಬಚ್ಚಿಡುತ್ತಿದ್ದಾಳೆ.

ಅರಕೆರೆಯ ನಮ್ಮಜ್ಜಿ ಕುಳ್ಳಮ್ಮನಿಗೆ ಒಂದೇ ಆಸೆ: ಈ ಕ್ರಿಸ್ಮಸ್ಸಿಗೆ ಮೊಮ್ಮಗಳು ಪಕ್ಕದಲ್ಲಿ ಮೊಣಕಾಲೂರಿ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ತಗೊಳ್ಳಬೇಕು. "ಇನ್ನೂ ಆರ್ನೇದ್ರಲ್ಲೇ ಇದ್ದೀಯೇನಮ್ಮಿ? ಆಜ್ಞೆ ಬರ್ದಿದ್ದ ಕಲ್ಲಲಗೆ ಒಡೆದಾಕ್ಬುಟ್ರೂ ಮೋಶೇಗೆ ಎಲ್ಡೇ ಸಲಕ್ಕೆ ಮುಗೀತು ಕಣಮ್ಮಿ!" ಎಂದು ಫೋನಿನಲ್ಲಿ ರೇಗಿಸುತ್ತಾಳೆ. ಮುಂದಿನ ವರ್ಷಕ್ಕೆ ತನ್ನ ಮೊಣಕಾಲು ಬಗ್ಗುವುದು ಅನುಮಾನ ಎಂದೂ ಮೆಲ್ಲಗೆ ಸೇರಿಸುತ್ತಾಳೆ.

ತಮ್ಮ ದೀರ್ಘಾಯುಸ್ಸಿಗಾಗಿ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಾರ್ಥಿಸುವವನು ಟೆಂಪೋ ನಯಾಜ್. ಮೊನ್ನೆ ಹೊಸ ಸಭಾಪಾಲಕರ ಸೋಫಾ ತಂದವನು, "ಅಯ್ಯೋರೇ, ಇಳಿಸ್ಬೇಕಾ, ಇಲ್ಲಾ ಕಟ್ಟಿದ್ ಅಗ್ಗ ಅಂಗೇ ಇರ್ಲಾ?" ಎಂದು ವಿನಯದಿಂದ ಕೇಳಿದ.

ದಯಮಾಡಿ ಈ ಹೊಸ ಸಭಾಪಾಲಕರನ್ನು ಹತ್ತನೆಯ ಆಜ್ಞೆಯವರೆಗಾದರೂ ಇಲ್ಲೇ ಬಿಡಿ. ಆಗದಿದ್ದರೆ ಆಜ್ಞೆಗಳನ್ನೇ ತಾಲ್ಲೂಕುವಾರು ಹಂಚಿಬಿಡಿ: ಏಳು, ಎಂಟು ನಾಗಮಂಗಲದಲ್ಲಿ, ಕೊನೆಯೆರಡು ಕೆ.ಆರ್. ಪೇಟೆಯಲ್ಲಿ, ನಾನೇ ಬಸ್ಸು ಹತ್ತಿ ಹೋಗಿ ಕಲಿಯುತ್ತೇನೆ. ಅದೂ ಕಷ್ಟವಾದರೆ ಕ್ರಿಸ್ಮಸ್ಸನ್ನೇ ಮುಂದಿನ ತಿಂಗಳಿಗೆ ವರ್ಗಾಯಿಸಿ. ವರ್ಗಾವಣೆ ತಮಗೆ ಹೊಸದಲ್ಲ.

ಇನ್ನೂ ದೃಢವಾಗದ,
ತಮ್ಮ ವಿಶ್ವಾಸಿ,
ಸುನಿತಾ

ಮರೆತ ಮಾತು: ಕ್ರಿಸ್ಮಸ್ಸಿನೊಳಗೆ ತಾವು ಬರದಿದ್ದರೆ ನಯಾಜ್ ಈ ಸಲ ಸೋಫಾದ ಬದಲು ಅಜ್ಜಿಯನ್ನು ಹತ್ತಿಸಿಕೊಂಡು ತಮ್ಮ ಬಂಗಲೆಗೇ ಬರುತ್ತಾನಂತೆ. ಅವಳಿಗೆ ಹತ್ತೂ ಆಜ್ಞೆ ಬಾಯಿಪಾಠ. ತಮಗೆ ಮೊದಲಿನಿಂದ ಶುರು ಮಾಡುತ್ತಾಳೆ.