ಇಳಕಲ್ಲಿನಲ್ಲಿ ಹದಿಮೂರು ವಸಾಹತುಗಳು

ನನ್ನ ಸೋದರಮಾವ ಹುಬ್ಬಳ್ಳಿ ದಾಟಿದವರಲ್ಲ. ಆದರೂ ಇಂಗ್ಲಿಷರು ಅಮೆರಿಕದಲ್ಲಿ ಹದಿಮೂರು ವಸಾಹತು ಕಟ್ಟುವಾಗ ಇವರೇ ನಿಂತು ಹಗ್ಗ ಹಿಡಿದು ಜಾಗ ಅಳೆದುಕೊಟ್ಟಿರಬೇಕೆಂದು ನಾನು ಬಹಳ ದಿನ ನಂಬಿದ್ದೆ!

ಎಪ್ಪತ್ತರ ದಶಕದಲ್ಲಿ ಅವರು ಇಳಕಲ್ಲಿನ ಹೈಸ್ಕೂಲೊಂದರಲ್ಲಿ ಇತಿಹಾಸದ ಮಾಸ್ತರರು. ಪಠ್ಯದಲ್ಲಿ ಆ ವಸಾಹತುಗಳಿಗೆ ಇದ್ದದ್ದು ಎರಡೇ ಪುಟ. ಮಾವ ಎರಡು ತಿಂಗಳು ಕಲಿಸುತ್ತಿದ್ದರು. ಅಷ್ಟಕ್ಕೇ ಬಿಟ್ಟಾರೆಯೆ? ಹುನಗುಂದದ ಬಸ್ಸಿನಲ್ಲಿ ಪಕ್ಕದ ರೈತನಿಗೂ ರೋಡ್ ಐಲ್ಯಾಂಡಿನ ಕಥೆ! ಆತ ಪೂರ್ತಿ ಕೇಳಿ, "ಭಾಳ ಚಲೋ ಊರು ಬಿಡ್ರಿ. ಅಲ್ಲಿಗೆ ಹೋಗಾಕ ಬಸ್ಸು ಎಲ್ಲಿ ಬದಲಿ ಮಾಡಬೇಕ್ರಿ?" ಎಂದ.

ಮನೆಯಲ್ಲಿ ಸಿಕ್ಕಿಬಿದ್ದವರು ಅತ್ತೆ. ಏಳನೆಯ ಇಯತ್ತೆಗೇ ಶಾಲೆ ಬಿಡಿಸಿ ಮದುವೆ ಮಾಡಿದ್ದರು. ಈಗ ಸೀರೆ ನೇಯುತ್ತಿದ್ದರು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವರು ಎದ್ದು ಓಡುವುದಾದರೂ ಎಲ್ಲಿಗೆ?

"ಇಂಗ್ಲೆಂಡಿನಾಗ ತಮ್ಮ ಧರ್ಮ ಪಾಲಿಸಾಕ ಬಿಡಲಿಲ್ಲಂತ ಪ್ಯೂರಿಟನ್ನರು ಅನ್ನೋ ಮಂದಿ ಹಡಗ ಹತ್ತಿ ಮ್ಯಾಸಚೂಸೆಟ್ಸಿಗೆ ಬಂದ್ರು. ಬಂದು, ಧರ್ಮದ ಬಗ್ಗೆ ಬ್ಯಾರೆ ಮಾತಾಡಿದವ್ರನ್ನ ಹೊರಗ ಹಾಕಿದ್ರು. ಹಂಗ ಹೊರಬಿದ್ದವ್ರು ರೋಡ್ ಐಲ್ಯಾಂಡ್ ಕಟ್ಟಿದ್ರು!"

"ತ್ರಾಸ ಉಂಡು ಬಂದವ್ರ ಮತ್ತೊಬ್ಬರಿಗೆ ತ್ರಾಸ ಕೊಟ್ರೇನ್ರಿ? ಥೇಟ್ ನಮ್ಮ ಓಣಿ!"

ಮಾವ ವರ್ಜೀನಿಯಾಕ್ಕೆ ಹಾರಿದರು. "ಅಲ್ಲಿ ತಂಬಾಕು ಬೆಳದು ಸಿರಿವಂತರಾದ್ರು."

"ಯಾರು? ದುಡದವ್ರೋ, ಮಾರಿದವ್ರೋ?"

"ಮಾರಿದವ್ರು. ದುಡದವ್ರು ಗುಲಾಮರು."

"ಅದನ್ನ ಮೊದಲ ಹೇಳಬೇಕಲ್ರಿ!"

ಮರುದಿನ ಶಾಲೆಯಲ್ಲಿ ಪಾಠ ಗುಲಾಮರಿಂದಲೇ ಶುರುವಾಯಿತು!

ಒಂದು ವರ್ಷ ಮಾವ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫಾರ್ಮು ತಂದು ಅತ್ತೆಯ ಮುಂದಿಟ್ಟರು. "ಹೊರಗಿನಿಂದ ಕಟ್ಟಬಹುದು. ಕಟ್ಟು."

ಓಣಿಯೆಲ್ಲ ನಕ್ಕಿತು. ಅತ್ತೆ ಅಂಜಿದರು. "ನಾಪಾಸಾದ್ರ ನಿಮ್ಮ ಮರ್ಯಾದಿ ಹೋಗತೈತ್ರಿ."

"ಹೋಗ್ಲಿ ಬಿಡು. ಇತಿಹಾಸದಾಗ ಎಂಥೆಂಥಾ ಸಾಮ್ರಾಜ್ಯನ ಹೋಗ್ಯಾವು!"

ಅತ್ತೆ ವರ್ಷವಿಡೀ ಓದಿದರು. ಬಾಗಲಕೋಟೆಯಲ್ಲಿ ಪರೀಕ್ಷೆ. ಇತಿಹಾಸದ ದಿನ ಮಾವ ಮೂರು ತಾಸು ಗೇಟಿನ ಹೊರಗೆ ಶತಪಥ ಹಾಕಿದರು. ಗಂಟೆ ಹೊಡೆಯಿತು. ಅತ್ತೆ ಬಂದರು.

"ಏನು ಕೇಳಿದ್ರು?"

"ನಿಮ್ಮ ಅಮೆರಿಕಾನ ಕೇಳಿದ್ರು! ಬರ್ಯಾಕ ಎರಡು ಸಲ ಹೆಚ್ಚಿನ ಹಾಳಿ ಇಸ್ಕೊಂಡೆ."

ಮಾವ ಜಿಗಿದ ರಭಸಕ್ಕೆ ಪಕ್ಕದಲ್ಲಿದ್ದವರ ಕೈಯ ಚಹಾ ಅವರದೇ ಧೋತರದ ಮೇಲೆ ಚೆಲ್ಲಿತು!

ಅಂಕಪಟ್ಟಿ ಬಂದ ದಿನ ಮಾವ ಅದನ್ನು ಹಿಡಿದು ಓಣಿಯ ನಡುವೆ ನಿಂತರು. ನಕ್ಕವರೆಲ್ಲ ಬಾಗಿಲಿಗೆ ಬಂದರು. ಊರಿಗೆಲ್ಲ ಅತ್ತೆ 'ಮಾಸ್ತರ ಮನಿಯವ್ರು'. ಮಾವ ಕೂಗುತ್ತಿದ್ದುದು ಬರೀ 'ಕೇಳಿಲ್ಲೇನ' ಎಂದು. ಅವರು ಹೆಂಡತಿಯ ಹೆಸರು ಹಿಡಿದು ಕರೆದದ್ದನ್ನು ಯಾರೂ ಕೇಳಿರಲಿಲ್ಲ.

"ಶಾಂತವ್ವ!" ಎಂದು ಓದಿದರು. "ಪಾಸು! ಇತಿಹಾಸದಾಗ ಎಂಬತ್ತೊಂದು!"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಹತ್ತಿರ ಬಂದರು. "ಇನ್ನೊಮ್ಮಿ ಓದ್ರಿ," ಎಂದರು. "ಬರೇ ಹೆಸರು."