ಒಂದು ಕೋಟಿ ಒಂದರ ಪಾಲು

ನಗಬಾರದ ಜಾಗಾದಾಗ ನಗು ಬರೂದು ನನ್ನ ನಸೀಬದಾಗ ಬರದದ. ಮಹಾರಾಷ್ಟ್ರದ ಗಡಿಯಾಗಿನ ಸಂಖ ಅನ್ನೂ ಊರ ಸಾಲಿಯೊಳಗ ನನಗ ಗಣಿತ ಕಲಿಸಿದ ಮಾಸ್ತರು, ಮುಂದ ನಾನೂ ಅಲ್ಲೇ ಗಣಿತದ ಮಾಸ್ತರ ಆದಾಗ ನನ್ನ ಜೋಡಿಗೆ ಕೆಲಸ ಮಾಡಿದ್ರು. ನಿವೃತ್ತಿ ಆದ ವರ್ಷಽ ಜಡ್ಡಿಗೆ ಬಿದ್ರು. ಇದು ಅವರ ಕಡೀ ದಿನಗಳ ಮಾತು.

ದವಾಖಾನಿ

ಮಿರಜದ ಡಾಕ್ಟರು ರಿಪೋರ್ಟ್ ನೋಡಿ, ಕ್ಯಾನ್ಸರಿನ ಜೀವಕೋಶ ಒಂದು ಎರಡಾಗಿ, ಎರಡು ನಾಕಾಗಿ ಬೆಳೀತಾವ, ಈಗ ಕೋಟಿ ಆಗ್ಯಾವ, ಆಪರೇಶನ್ ಮಾಡಿ ಉಪಯೋಗ ಇಲ್ಲ ಅಂತ ಮೆತ್ತಗ ಮರಾಠಿಯೊಳಗ ಹೇಳಿದ್ರು. ಮಾಸ್ತರ ಹೆಂಡತಿ, ನಾವು ಕಾಕು ಅಂತೀವಿ, ಸೆರಗು ಬಾಯಿಗೆ ಹಿಡಕೊಂಡ್ರು. ಮಾಸ್ತರು ಸ್ವಲ್ಪ ವಿಚಾರ ಮಾಡಿ, "ಬರೇ ದುಪ್ಪಟ್ಟಽ ಆಗ್ತಾವ ಅಂದ್ರ ಸರಿಯಾಗಿ ಕೋಟಿ ಆಗಂಗಿಲ್ಲ ಡಾಕ್ಟರ. ಅಂಥಾ ಸಂಖ್ಯಾದ ಕಡೀಗೆ ಸೊನ್ನಿ ಬರಂಗಿಲ್ಲ" ಅಂದ್ರು.

ಅಳೂ ಮಂದೀಗೆ ಸಮಾಧಾನ ಹೇಳಿ ಡಾಕ್ಟರಿಗೆ ರೂಢಿ ಇತ್ತು, ಇದು ಹೊಸಾದು. ಚಷ್ಮಾ ಒರಸಿಕೋತ, ಗಣಿತ ತಪ್ಪಿಸಿಕೊಳ್ಳಾಕಽ ತಾವು ಡಾಕ್ಟರಕಿಗೆ ಬಂದದ್ದು ಅಂದ್ರು.

ಹರಕಿ

ಜಡ್ಡು ವಾಸಿ ಆಗಬೇಕಂದ್ರ ಮನಿ ಮಂದಿ ಕಡಿಂದ ಊರ ಅಯ್ಯನವರು ಒಂದು ಕೋಟಿ ಒಂದು ಸಲ 'ನಮಃ ಶಿವಾಯ' ಅನಸ್ರಿ ಅಂದ್ರು. ಮಾಸ್ತರನ್ನ ಬಿಟ್ಟು ಮನಿಯೊಳಗ ಹತ್ತು ಮಂದಿ. ಕಾಕು ತಲೀಗೆ ಹತ್ತು ಲಕ್ಷದಂಗ ಹಂಚಿದ್ರು, ಒಂದು ಉಳೀತು. ಆ ಒಂದನ್ನ ಯಾರು ಅನಬೇಕು ಅಂತ ಇಬ್ಬರು ಸೊಸ್ತೇರು ಜಗಳಕ್ಕ ನಿಂತ್ರು. ಜಗಳಾಡೂ ಹೊತ್ತಿನಾಗ ಅದನ್ನ ನೂರು ಸಲ ಅನಬಹುದಿತ್ತು.

ಹಾಸಿಗ್ಯಾಗಿಂದ ಮಾಸ್ತರು, ಒಂದು ಬಿಟ್ಟು ಒಂದು ಅಂಕಿ ಕೂಡಿಸಿ ಕಳದ್ರ ಸೊನ್ನಿ ಬರ್ತದ, ಅಂದಮ್ಯಾಲ ಹನ್ನೊಂದರಿಂದ ಸರಳ ಭಾಗ ಹೋಗ್ತದ, ಇನ್ನೊಬ್ಬರನ್ನ ಹುಡುಕ್ರಿ ಅಂದ್ರು. ಜನ್ಮದಾಗ ದೇವರ ಹೆಸರು ತಗೊಂಡವರಲ್ಲ ಅವರು.

ಕಾಕು ಹತ್ರ ಹೋಗಿ, "ಹನ್ನೊಂದನೇದವರು ನೀವಽ" ಅಂದ್ರು.

ಮಾಸ್ತರು ನನ್ನ ಕಡೆ ನೋಡಿ, "ಲೆಕ್ಕ ತಪ್ಪಿದ್ರ ಚಲೋ ಇತ್ತಲ್ಲೋ" ಅಂದ್ರು.

ಮಾಲಿ

ಒಬ್ಬೊಬ್ಬರ ಪಾಲಿಗೆ ಒಂಬತ್ತು ಲಕ್ಷ ಒಂಬತ್ತು ಸಾವಿರದ ತೊಂಬತ್ತೊಂದು ಬಂತು. ಮಾಸ್ತರು ಇವತ್ತು ನಾಳೆ ಅನಕೋತ ದಿನಾ ದೂಡಿದ್ರು. ಕಾಕು ರುದ್ರಾಕ್ಷಿ ಮಾಲಿ ತಂದು ಕೈಯಾಗ ಇಟ್ರು. ಒಂದಿನ ಬೆರಳು ಆಡಾಕಹತ್ತಿದ್ವು, ತುಟಿ ಅಲಗ್ಯಾಡಿದ್ವು. ಕಾಕು ಕಣ್ಣೊರಸಿಕೊಂಡು, ಸಪ್ಪಳ ಮಾಡದಽ ಅವರ ಬಾಯಿ ಹತ್ರ ಕಿವಿ ಒಯ್ದ್ರು.

"ನನ್ನ ಪಾಲು ಹದಿನೇಳರಿಂದನೂ ಭಾಗ ಹೋಗಂಗಿಲ್ಲ" ಅನ್ನಾಕಹತ್ತಿದ್ರಂತ ಮಾಸ್ತರು.

ಆ ವಾರದಾಗಽ ತೀರಿಕೊಂಡ್ರು. ಮಾಲಿ ಕೈಯಾಗಽ ಇತ್ತು.

ಪಾಲು

ಮಣ್ಣು ಕೊಟ್ಟು ಬಂದಮ್ಯಾಲ, ಇನ್ನು ಜಪ ನಿಂದ್ರಸ್ರಿ, ದೋಷ ಇಲ್ಲ ಅಂತ ಅಯ್ಯನವರು ಹೇಳಿದ್ರು. ಕಾಕು ಒಪ್ಪಲಿಲ್ಲ. ಅನ್ನೂದಂತೂ ಅನ್ನೂದಽ, ಅವರ ಪಾಲನ್ನೂ ನಾವಽ ಹಂಚಿಕೋತೀವಿ ಅಂತ ನನ್ನ ಕರಸಿದ್ರು.

ಹತ್ತು ಮಂದೀಗೆ ಹಂಚಿ ನೋಡಿದೆ, ಹೋಗಲಿಲ್ಲ. ಸಣ್ಣ ಹುಡುಗರನ್ನ ಬಿಟ್ಟು ಏಳು ಮಂದೀಗೆ ನೋಡಿದೆ, ಹೋಗಲಿಲ್ಲ. ಬೀಗರನ್ನ ಸೇರಿಸಿ ಹದಿಮೂರು ಮಾಡಿದೆ, ಅದೂ ಇಲ್ಲ. ಕಡೀಗೆ ಫೋನಿನಾಗ ಹುಡುಕಿದ್ರ, ಅದು ಅವಿಭಾಜ್ಯ ಸಂಖ್ಯಾ. ಒಂದನ್ನ ಬಿಟ್ರ, ತನ್ನನ್ನ ಬಿಟ್ರ, ಮತ್ಯಾರಿಂದನೂ ಒಡೀದಂಥಾದ್ದು. ಕೂಡಿ ಹಂಚಿಕೊಳ್ಳಾಕ ಬರಂಗಿಲ್ಲ ಕಾಕು, ಅದನ್ನ ಒಬ್ಬರಽ ಅನಬೇಕು ಅಂದೆ.

ಅಲ್ಲೀತನಕ ಕಾಕು ಮಂದಿ ಮುಂದ ದನಿ ತಗದು ಅತ್ತಿರಲಿಲ್ಲ, ಆಗ ಅತ್ರು. ಆಮ್ಯಾಲ ಎದ್ದು, ಮಾಸ್ತರ ಫೋಟೋಕ್ಕ ಹಾಕಿದ್ದ ಹೂವಿನ ಹಾರ ತಗದು, ಅದರ ಜಾಗಾದಾಗ ರುದ್ರಾಕ್ಷಿ ಮಾಲಿ ಹಾಕಿದ್ರು.

"ನಿಮ್ಮ ಪಾಲು ಯಾರಿಗೂ ಹರಿಯಂಗಿಲ್ಲಂತ. ಈಗೇನು ಸಾಲಿ ಇಲ್ಲ, ಜಡ್ಡಿಲ್ಲ. ಅಲ್ಲೇ ಕುಂತು ಮುಗಸ್ರಿ."